ಪೆಟ್ಟಿಗೆ ಬದಲಾಯಿಸುವ ಮುನ್ನ

ಕಬ್ಬಿನ ಬಿಲ್ಲು ಕೈಗೆ ಬಂದ ತಿಂಗಳು ಗೋಕಾಕ, ಮೂಡಲಗಿ, ಹುಕ್ಕೇರಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೊದಲು ಟಿ.ವಿ., ಆಮೇಲೆ ಫ್ರಿಜ್ಜು ಹೋಗುತ್ತಿದ್ದವು. ಈಗ ಹೋಮ್ ಥಿಯೇಟರು, ಸೌಂಡ್‌ಬಾರು, ಆಳೆತ್ತರದ ಟವರ್ ಸ್ಪೀಕರು ಟಂಟಂಗಳಲ್ಲಿ ಹೊರಡುತ್ತವೆ. ಜಾತಿ, ಮತದ ಭೇದವೇನಿಲ್ಲ. ಶೌಕ್ ಎಲ್ಲರದೂ ಒಂದೇ.

ಹೋದ ವರ್ಷ ನಮ್ಮ ಅಣ್ಣನ ಮಗನೊಂದಿಗೆ ನಾವೂ ಇಂಥ ಒಂದು ಅಂಗಡಿ ಹೊಕ್ಕೆವು. ಅವನ ಬಳಿ ಇದ್ದದ್ದು ನಾಲ್ಕು ವರ್ಷದ ಹಿಂದಿನ ಪೆಟ್ಟಿಗೆ. ಕೆಟ್ಟಿರಲಿಲ್ಲ, ಹಳತಾಗಿತ್ತು ಅಷ್ಟೇ. ಅಂಗಡಿಯ ಹುಡುಗ ಉತ್ಸಾಹದಿಂದ ಹೇಳಿದ:

"ಸಾಹೇಬ್ರ, ಇದನ್ನ ಹಚ್ಚಿದ್ರ ಇಡೀ ಓಣಿಗೆ ಕೇಳ್ತೈತ್ರಿ."

"ಓಣಿಗೆ ಕೇಳೂದು ಬ್ಯಾಡಪಾ, ನಮಗ ಕೇಳಿದ್ರ ಸಾಕು" ಅಂದೆವು.

ಅವನು ನಕ್ಕ. ಹಳೇ ಕಾಲದ ಮನುಷ್ಯ ಎಂದುಕೊಂಡಿರಬೇಕು. ಆದರೆ ನಮ್ಮ ಸೀಮೆಯ ಸಂಗೀತದ ಇವತ್ತಿನ ಕಾಯಿಲೆ ಅವನ ಆ ಒಂದು ಮಾತಿನಲ್ಲೇ ಇದೆ. ಹಾಡು ಕೇಳಲು ಕೊಳ್ಳಬೇಕಾದ ಸಾಮಾನನ್ನು ನಾವು ಕೇಳಿಸಲು ಕೊಳ್ಳುತ್ತಿದ್ದೇವೆ.

ಮೊದಲು ಈ ವಾಟ್ ಎಂಬ ಮೋಸ ನೋಡೋಣ. ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಒ. 5,000 ವಾಟ್ ಎಂದು ಬಂಗಾರದ ಬಣ್ಣದಲ್ಲಿ ಬರೆದು ಮಾರುವ ಕಾಲವೊಂದಿತ್ತು. ಆ ಅಳತೆಗೆ ಯಾವ ಒಪ್ಪಿತ ಮಾನದಂಡವೂ ಇರಲಿಲ್ಲ. ತಯಾರಿಸಿದವನು ಹೇಳಿದ್ದೇ ಲೆಕ್ಕ. ಸತತವಾಗಿ ಎಷ್ಟು ಕೊಡಬಲ್ಲದು ಎಂದು ಹೇಳುವ ಆರ್.ಎಂ.ಎಸ್. ಅಂಕಿಯನ್ನು ಹುಡುಕಿದರೆ ಅದು ಹಿಂಬದಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಸಿಗುತ್ತಿತ್ತು. ಇನ್ನೊಂದು ಸಂಗತಿಯನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು ಮೂರೇ ಡೆಸಿಬಲ್. ಕಿವಿಗೆ ಅದು ಒಂದಿಷ್ಟು ಹೆಚ್ಚಾದಂತೆ ಅನ್ನಿಸುತ್ತದೆ, ಅಷ್ಟೇ. ಸದ್ದು ಇಮ್ಮಡಿಯಾಯಿತು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ವಾಟ್ ಬೇಕು. ಐವತ್ತು ವಾಟಿನದನ್ನು ಕೊಟ್ಟು ನೂರು ವಾಟಿನದನ್ನು ತಂದವನು ದುಡ್ಡಿನಲ್ಲಿ ಇಮ್ಮಡಿ ಕಳೆದುಕೊಂಡ, ಸಂಗೀತದಲ್ಲಿ ಏನೂ ಗಳಿಸಲಿಲ್ಲ. ಬರೀ ಜೋರೇ ಬೇಕಿದ್ದರೆ ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ಎದುರು ನಿಂತರಾಯಿತು. ಅದು ಪುಕ್ಕಟೆ.

ಎರಡನೆಯದು ಕೋಣೆ. ನಮ್ಮ ಹಳೇ ಮನೆಗಳಿಗೆ ಮಣ್ಣಿನ ಮಾಳಿಗೆ, ಮಣ್ಣಿನ ದಪ್ಪ ಗೋಡೆ, ನೆಲಕ್ಕೆ ಜಮಖಾನೆ ಇರುತ್ತಿದ್ದವು. ಬ್ಯಾಟರಿ ಸೆಲ್ಲಿನ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಹಚ್ಚಿದರೂ ಮಾತು ಮಾತಾಗಿಯೇ ಕೇಳುತ್ತಿತ್ತು. ಈಗ ಆರ್.ಸಿ.ಸಿ. ಸ್ಲ್ಯಾಬು, ನೆಲಕ್ಕೆ ಕನ್ನಡಿಯಂಥ ಟೈಲ್ಸು, ಗೋಡೆಗೆ ಗಾಜು. ಇಂಥ ಹಾಲಿನಲ್ಲಿ ಸದ್ದು ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ ಪುಟಿಯುತ್ತದೆ. ವಿಜಾಪುರದ ಗೋಳಗುಮ್ಮಟಕ್ಕೆ ಹೋದವರಿಗೆಲ್ಲ ಗೊತ್ತು, ಅಲ್ಲಿ ಒಂದು ಚಪ್ಪಾಳೆ ಹಲವು ಸಲ ಮರುಕಳಿಸುತ್ತದೆ. ನೋಡಲು ಬಂದವರಿಗೆ ಅದು ಸೋಜಿಗ. ಅಲ್ಲಿ ಕುಳಿತು ಖಯಾಲ್ ಕೇಳುತ್ತೇನೆ ಎಂದರೆ ಹುಚ್ಚು. ನಾವು ಲಕ್ಷಗಟ್ಟಲೆ ಸುರಿದು ಮನೆಯಲ್ಲೇ ಒಂದು ಸಣ್ಣ ಗೋಳಗುಮ್ಮಟ ಕಟ್ಟಿಕೊಂಡು, ಹಾಡು ತಿಳಿಯುತ್ತಿಲ್ಲ, ಸಿಸ್ಟಮ್ ಬದಲಾಯಿಸಬೇಕು ಎನ್ನುತ್ತೇವೆ. ಬದಲಾಯಿಸಬೇಕಾದ್ದು ಸಿಸ್ಟಮ್ ಅಲ್ಲ. ನೆಲಕ್ಕೊಂದು ದಪ್ಪ ಜಮಖಾನೆ, ಕಿಟಕಿಗೆ ತೂಕದ ಪರದೆ, ಗೋಡೆಗೆ ಪುಸ್ತಕ ತುಂಬಿದ ಕಪಾಟು ಹಾಕಿ ನೋಡಿ. ಸ್ಪೀಕರುಗಳನ್ನು ಮೂಲೆಯಿಂದ ಎರಡು ಅಡಿ ಈಚೆ ತಂದು, ಕುಳಿತವರ ಕಿವಿಯ ಎತ್ತರಕ್ಕೆ ಇಡಿ. ಇದಕ್ಕೆ ಆಗುವ ಖರ್ಚು ಹೊಸ ಪೆಟ್ಟಿಗೆಯ ಹತ್ತರಲ್ಲಿ ಒಂದು ಪಾಲೂ ಅಲ್ಲ. ಇಷ್ಟು ಮಾಡಿದ ಮೇಲೂ ಸಾಲದಿದ್ದರೆ ಸ್ಪೀಕರ್ ಬದಲಾಯಿಸಿ. ಬಂಗಾರ ಲೇಪಿಸಿದ ಕೇಬಲ್ಲಿಗೆ ಮಾತ್ರ ಒಂದು ಪೈಸೆಯನ್ನೂ ಹಾಕಬೇಡಿ. ಮನೆಯ ಅಳತೆಗೆ ತಕ್ಕಷ್ಟು ದಪ್ಪದ ಸಾದಾ ತಾಮ್ರದ ತಂತಿ ಸಾಕು.

ಮೂರನೆಯದು ಮೊಬೈಲಿನಿಂದ ಹರಿದು ಬರುವ ಸಂಗೀತ, ಅಂದರೆ ಸ್ಟ್ರೀಮಿಂಗ್. ಇದನ್ನು ನಾವು ಬೈಯುವವರಲ್ಲ. ನಮ್ಮ ಘಟಪ್ರಭಾ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದರೆ ಸಿಗುವ ಮಿರಜಿನಲ್ಲಿ, ಖ್ವಾಜಾ ಶಮ್ನಾ ಮೀರಾ ದರ್ಗಾದ ಆವರಣದಲ್ಲಿ, ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು 1937ರಿಂದ ಮಲಗಿದ್ದಾರೆ. ಅವರ 78 ಸುತ್ತಿನ ತಟ್ಟೆಗಳ ಹಾಡು ಇವತ್ತು ಹೊಲದ ಬದುವಿನಲ್ಲಿ ಕುಳಿತ ಹುಡುಗನಿಗೂ ಸಿಗುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಇಲ್ಲಿಯೂ ಆಟವಿದೆ. ಸಿ.ಡಿ.ಯ ಲೆಕ್ಕ ಸೆಕೆಂಡಿಗೆ 1,411 ಕಿಲೋಬಿಟ್. ಆ್ಯಪಿನ ಸೆಟ್ಟಿಂಗು 'ಆಟೊಮ್ಯಾಟಿಕ್' ಇದ್ದು ನೆಟ್ಟು ಸೊರಗಿದ್ದರೆ ನಮಗೆ ಬರುವುದು ಅದರ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇರಬಹುದು. ಬಂದದ್ದನ್ನು ಬ್ಲೂಟೂತಿನಲ್ಲಿ ಕಳಿಸಿದರೆ ಅದು ಮತ್ತೊಮ್ಮೆ ಹಿಂಡಿಕೊಳ್ಳುತ್ತದೆ. ಎರಡು ಲಕ್ಷದ ಸಿಸ್ಟಮ್ಮಿಗೆ ಈ ಹಿಪ್ಪೆ ಉಣಿಸುವವರನ್ನು ನಾವು ಕಂಡಿದ್ದೇವೆ. ಸೆಟ್ಟಿಂಗ್ ಬದಲಾಯಿಸಲು ಒಂದು ನಿಮಿಷ ಸಾಕು, ಯಾರೂ ಹೇಳಿಕೊಡುವುದಿಲ್ಲ. ಇನ್ನೊಂದು ತುದಿಯಲ್ಲಿ 192 ಕಿಲೋಹರ್ಟ್ಸ್ ಎಂಬ ಆಸೆ ತೋರಿಸುವವರಿದ್ದಾರೆ. ಎಳೆಯ ಕಿವಿಯ ಗಡಿಯೇ 20,000 ಹರ್ಟ್ಸ್. ಸಿ.ಡಿ. ಅದನ್ನು ಪೂರ್ತಿ ಹಿಡಿಯುತ್ತದೆ. ನಮ್ಮಂತೆ ನಲವತ್ತು ದಾಟಿದ ಬಹುಪಾಲು ಜನರಿಗೆ 15,000ದ ಆಚೆ ಕೇಳುವುದೇ ಕಷ್ಟ. ಕೇಳದ ಸದ್ದಿಗೆ ದುಡ್ಡು ಕೊಡುವುದು ಯಾವ ಜಾಣತನ?

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ದುಡ್ಡು ಹೋದರೆ ಮುಂದಿನ ಬೆಳೆಗೆ ಬಂದೀತು. ಬಾರದೇ ಹೋಗುವುದು ಬೇರೆ ಇದೆ.

ನಮ್ಮ ಅಬ್ಬಾ ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುತ್ತಿದ್ದರು. ಕರ್ಬಲಾದ ಕತೆ, ಹಸನ್ ಹುಸೇನರ ದುಃಖ ಎಲ್ಲವೂ ಅಚ್ಚ ಕನ್ನಡದಲ್ಲಿ. ಅವರ ಮೇಳದಲ್ಲಿ ಹಿಮ್ಮೇಳ ಹಿಡಿಯುತ್ತಿದ್ದವರು ಕುರುಬರ ಓಣಿಯ ಒಬ್ಬ ಹಿರಿಯರು. ಕತ್ತಲ್ ರಾತ್ರಿ ಬೆಳಗಾಗುವ ತನಕ ಆ ಇಬ್ಬರ ದನಿ ನಿಲ್ಲುತ್ತಿರಲಿಲ್ಲ. 1988ರಲ್ಲಿ ಯಾರೋ ಬಂಧುಗಳು ತಂದ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದಿಟ್ಟಿದ್ದರು. ಒಂದೇ ಕ್ಯಾಸೆಟ್ಟು. ಅಬ್ಬಾ 2006ರಲ್ಲಿ ತೀರಿಕೊಂಡರು. 2011ರಲ್ಲಿ ನಮ್ಮ ಮನೆಗೂ ಹೋಮ್ ಥಿಯೇಟರ್ ಬಂತು. ಹಳೇ ಸೆಟ್ಟು ಕೊಟ್ಟರೆ ಐನೂರು ರೂಪಾಯಿ ಬಿಡುತ್ತೇವೆ ಎಂದರು. ಕೊಟ್ಟೆವು. ಕ್ಯಾಸೆಟ್ಟು ಅದರ ಹೊಟ್ಟೆಯಲ್ಲೇ ಇತ್ತು. ಮುಂದಿನ ಮೊಹರಮ್ಮಿಗೆ ಅಮ್ಮಾ ಕೇಳಿದಾಗ ನೆನಪಾಯಿತು. ಓಡಿ ಹೋದೆವು. ಆ ಸೆಟ್ಟು ಯಾವಾಗಲೋ ಗುಜರಿಗೆ ಹೋಗಿತ್ತು. ಅಂಗಡಿಯವರ ತಪ್ಪೇನೂ ಇಲ್ಲ. ಐನೂರು ರೂಪಾಯಿಗೆ ಅಬ್ಬಾನ ದನಿ ಮಾರಿದವರು ನಾವೇ.

ಹೊಸ ಪೆಟ್ಟಿಗೆಯಲ್ಲಿ ಕೋಟಿಗಟ್ಟಲೆ ಹಾಡುಗಳಿವೆ. ಆ ಒಂದು ಇಲ್ಲ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ಅಪರಾಳ ತಮ್ಮಣ್ಣ ಬರೆದ ಶ್ರೀಕೃಷ್ಣ ಪಾರಿಜಾತವನ್ನು ಕುಲಗೋಡ ತಮ್ಮಣ್ಣ ಆಡಲು ತಕ್ಕಂತೆ ಬೆಳೆಸಿದ್ದು, ಕೌಜಲಗಿ ನಿಂಗಮ್ಮ ಅದನ್ನು ಹಾಡಿ ಕುಣಿದು ಮನೆಮಾತು ಮಾಡಿದ್ದು ಇದೇ ಗೋಕಾಕ ಸೀಮೆಯಲ್ಲಿ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ನಾಟಕಗಳ ಹಾಡುಗಳಿಗೆ ನೀರು ಸಿಕ್ಕಿದ್ದು ಇಂಥ ಬಯಲಾಟದ ಬಾವಿಗಳಿಂದಲೇ. ಪಾರಿಜಾತ, ಭಜನೆ, ಡೊಳ್ಳಿನ ಪದ, ಗೀಗೀ ಪದ, ರಿವಾಯತ್ ಎಷ್ಟು ಮನೆಗಳ ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿವೆಯೋ! ಊರಿನ ಹಾಡು ಯಾವ ಕಂಪನಿಯ ಆ್ಯಪಿಗೂ ತಾನಾಗಿ ಹೋಗುವುದಿಲ್ಲ. ಒಯ್ಯುವವರು ನಾವೇ ಆಗಬೇಕು.

ನಮ್ಮವರಲ್ಲಿ ಕೆಲವರು ಇಲ್ಲಿ ತಡೆಯುತ್ತಾರೆ: ಸಂಗೀತವೇ ಸಲ್ಲದು, ಉಳಿಸುವ ಮಾತೇಕೆ? ಅವರ ನಂಬಿಕೆಗೆ ನಮ್ಮ ಗೌರವವಿದೆ. ಆದರೆ ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಸಮಾ ಕುರಿತು ಒಂದು ಅಧ್ಯಾಯವನ್ನೇ ಬರೆದು, ಕೇಳುವವನ ಮನಸ್ಸು ಯಾವುದು, ಕೇಳುವುದು ಏನನ್ನು ಎಂದು ಬಿಡಿಸಿ ನೋಡಿದ್ದಾರೆ. ಕಲಬುರ್ಗಿಯ ಬಂದೇ ನವಾಜರ ಚಿಶ್ತಿ ಪರಂಪರೆ ಸಮಾವನ್ನು ಒಪ್ಪಿಕೊಂಡು ಬಂದದ್ದು. ಹುಕ್ಕೇರಿಯ ಗುಮ್ಮಟಗಳು ಆದಿಲಶಾಹಿ ಕಾಲದವು. ಅದೇ ಮನೆತನದ ಎರಡನೇ ಇಬ್ರಾಹಿಂ 'ಕಿತಾಬೆ ನವರಸ್' ಎಂಬ ಹಾಡುಗಳ ಪುಸ್ತಕವನ್ನೇ ಬರೆದ. ವಾದ ಮುಂದುವರಿಯಲಿ. ಆದರೆ ಮದುವೆಯ ಡಿಜೆಗೆ ಐವತ್ತು ಸಾವಿರ ಎಣಿಸಿ ಕೊಟ್ಟು, ಮಕ್ಕಳ ಕೈಯಲ್ಲಿ ದಿನವಿಡೀ ರೀಲ್ಸು ಬಿಟ್ಟು, ಅಜ್ಜನ ರಿವಾಯತ್ತಿನ ಕ್ಯಾಸೆಟ್ಟು ಕಂಡಾಗ ಮಾತ್ರ ಹರಾಮ್ ನೆನಪಾಗುವುದು ಯಾವ ದೀನ್?

ಮುಂದಿನ ಸಲ ಬಿಲ್ಲು ಬಂದಾಗ ಪೇಟೆಗೆ ಹೋಗುವ ಮೊದಲು ಅಟ್ಟ ಹತ್ತಿ. ಕ್ಯಾಸೆಟ್ಟು ಸಿಕ್ಕರೆ ಅದರ ಬೆನ್ನಿನ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಮುರಿಯಿರಿ, ಮೇಲೆ ಬೇರೆ ಹಾಡು ರೆಕಾರ್ಡ್ ಆಗುವುದಿಲ್ಲ. ನಡೆಯುವ ಟೇಪ್ ರೆಕಾರ್ಡರ್ ಹುಡುಕಿ, ಹೆಡ್ಡನ್ನು ಹತ್ತಿ ಮತ್ತು ಸ್ಪಿರಿಟ್ಟಿನಿಂದ ಒರೆಸಿ, ರೀಲನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ. ಸ್ಪೀಕರ್ ಮುಂದೆ ಮೊಬೈಲ್ ಹಿಡಿಯಬೇಡಿ. ಅದರ ಔಟಿನಿಂದ ಕಂಪ್ಯೂಟರಿಗೆ ತಂತಿ ಎಳೆದು ನೇರ ಇಳಿಸಿಕೊಳ್ಳಿ. ಆಡಾಸಿಟಿ ಎಂಬ ಸಾಫ್ಟ್‌ವೇರ್ ಇದಕ್ಕೆ ಪುಕ್ಕಟೆ ಸಿಗುತ್ತದೆ. ಹಿಂಡದೆ, ವೇವ್ ಫೈಲಿನಲ್ಲೇ ಇಡಿ. ಅರವತ್ತು ನಿಮಿಷದ ಒಂದು ಕ್ಯಾಸೆಟ್ಟು ಸಿ.ಡಿ. ಗುಣಮಟ್ಟದಲ್ಲಿ ಸುಮಾರು 635 ಎಂ.ಬಿ. ಆಗುತ್ತದೆ. ಒಂದು ಟಿ.ಬಿ.ಯ ಹಾರ್ಡ್ ಡಿಸ್ಕಿನಲ್ಲಿ ಇಂಥ 1,500 ಹಿಡಿಯುತ್ತವೆ. ಇಡೀ ಊರಿನ ಹಾಡು ಒಂದು ಅಂಗೈಯಲ್ಲಿ! ಎರಡು ಪ್ರತಿ ಮಾಡಿ ಎರಡು ಮನೆಯಲ್ಲಿಡಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ನೆಟ್ಟಿಗೆ ಹಾಕುವ ಮೊದಲು ಹಾಡಿದವರನ್ನೋ ಅವರ ಮಕ್ಕಳನ್ನೋ ಕೇಳಿ.

ಇದಾದ ಮೇಲೆ ಹೊಸ ಸ್ಪೀಕರ್ ಕೊಳ್ಳಿ, ಬೇಡ ಎನ್ನುವವರು ನಾವಲ್ಲ. ಅದರಲ್ಲಿ ಮೊದಲು ಹಚ್ಚಲು ನಿಮ್ಮ ಮನೆಯದೇ ಒಂದು ಹಾಡು ಇರಲಿ. ನಮ್ಮ ಮನೆಯಲ್ಲಿ ಈಗ ಒಳ್ಳೆಯ ಸ್ಪೀಕರುಗಳಿವೆ. ಮೊಹರಂ ಬಂದಾಗ ಅಮ್ಮಾ ಮಾತ್ರ ಅವುಗಳ ಕಡೆ ನೋಡುವುದಿಲ್ಲ.