ಅಂಗೈಯ ನಿಘಂಟು

ಮೊಬೈಲು ವಿದ್ಯೆಯ ವೈರಿಯೆನ್ನುವ ಅಧ್ಯಾಪಕ ಮಿತ್ರರ ಮಾತಿಗೆ ನನ್ನ ಸಮ್ಮತಿಯಿಲ್ಲ. ಬಳ್ಳಾರಿಯಲ್ಲಿ ಪದವಿ ಮುಗಿಸಿ ಸಿರುಗುಪ್ಪದ ಭತ್ತದ ಗದ್ದೆಗೋ ಕುರುಗೋಡಿನ ಗಂಡನ ಮನೆಗೋ ಹೋದವರಿಗೆ ಕಾಲೇಜಿನ ಗ್ರಂಥಾಲಯವೆಲ್ಲಿ ಸಿಕ್ಕೀತು? ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ದುಡಿದು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’, ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳೊಡನೆ, 2019ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ.

ನನ್ನ ಹಳೆಯ ಶಿಷ್ಯರ ವಾಟ್ಸಾಪ್ ಬಳಗದಲ್ಲಿ ವಾರಕ್ಕೊಂದು ವಚನದ ಓದು ನಡೆಯುತ್ತದೆ. ಒಬ್ಬರು ನಿಘಂಟು ನೋಡಿ ಅರ್ಥ ಹೇಳಿದರೆ, ಇನ್ನೊಬ್ಬರು ಅದೇ ಪದ ತಮ್ಮೂರಿನ ಒಕ್ಕಲಿಗರ ಬಾಯಲ್ಲಿ ಬೇರೆಯೆಂದು ಧ್ವನಿ ಮುದ್ರಿಸಿ ಕಳಿಸುತ್ತಾರೆ. ಜಗಳ ಹತ್ತುತ್ತದೆ, ಹತ್ತಲಿ! ಶುಭೋದಯದ ಚಿತ್ರಗಳ ಹಂಚಿಕೆಯನ್ನು ಮಾತ್ರ ನಾನು ಕಲಿಕೆಯೆನ್ನಲಾರೆ.

ಈ ಅಭ್ಯಾಸ ಕಾಲೇಜಿನಲ್ಲಿಯೇ ಬೀಳಬೇಕು. ತರಗತಿಯಲ್ಲಿ ಮೊಬೈಲನ್ನು ಕಸಿದಿಡುವ ನಾವು, ಅದರಲ್ಲಿ ನಿಘಂಟನ್ನು ತೆರೆಯುವುದನ್ನು ಎಂದು ಕಲಿಸುವೆವು?