ನೋವಿನ ಮಾತ್ರೆ ಅಡುಗೆ ಸಾಮಾನಲ್ಲ

ಮದುವೆಯ ಸೀಸನ್ ಬಂತೆಂದರೆ ಮುಂಬಯಿ, ಠಾಣೆ, ಡೊಂಬಿವಲಿಯ ನಮ್ಮ ವೃತ್ತಿಬಾಂಧವರಿಗೆ ಹಗಲು ರಾತ್ರಿಯ ಪರಿವೆ ಇರುವುದಿಲ್ಲ. ಬೆಳಗಿನ ಜಾವ ಒಲೆ ಹಚ್ಚಿದ ಭಟ್ಟರು ರಾತ್ರಿ ಕೊನೆಯ ಪಂಕ್ತಿ ಏಳುವವರೆಗೂ ನಿಂತೇ ಇರುತ್ತಾರೆ. ಸೊಂಟ, ಮಂಡಿ, ಭುಜ ಹಿಡಿದುಕೊಳ್ಳುವುದು ಸಹಜ. ಆಗ ಸಾಮಾನಿನ ಪೆಟ್ಟಿಗೆಯಿಂದ ಮಾತ್ರೆ ಹೊರಬರುತ್ತದೆ. ‘ಒಂದು ನುಂಗು, ಕೆಲಸ ಮುಗಿಸು’ ಎಂಬ ಈ ಪದ್ಧತಿ ನಿಲ್ಲಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಡೈಕ್ಲೊಫೆನಾಕ್, ಐಬುಪ್ರೊಫೇನ್, ಅಸೆಕ್ಲೊಫೆನಾಕ್ ಇವೆಲ್ಲ ನೋವಿನೊಂದಿಗೆ ಬಾವನ್ನೂ ಇಳಿಸುವ ಔಷಧಿಗಳು. ಬಾವು ತರುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ದೇಹದಲ್ಲಿ ತಯಾರಾಗುವುದನ್ನು ಇವು ತಡೆಯುತ್ತವೆ. ಆದರೆ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಅದೇ ವಸ್ತು. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಒಲೆಯ ಮುಂದೆ ಬೆವರು ಸುರಿಸುತ್ತ, ನೀರು ಕುಡಿಯಲು ಪುರುಸೊತ್ತಿಲ್ಲದೆ, ಬರೀ ಚಹಾದ ಮೇಲೆ ದಿನ ದೂಡುವವರು ಇದನ್ನು ನುಂಗಿದರೆ ಎರಡೂ ಕಡೆ ಅಪಾಯ. ಆದ್ದರಿಂದ ನಮ್ಮ ಉದ್ಯೋಗದವರು ಇತರರಿಗಿಂತ ಹೆಚ್ಚು ಎಚ್ಚರವಾಗಿರಬೇಕು.

ಹೆಸರು ಬೇರೆಯಾದ ಮಾತ್ರಕ್ಕೆ ಔಷಧಿ ಬೇರೆಯಾಗುವುದಿಲ್ಲ. ಕಾಂಬಿಫ್ಲಾಮ್ ಮಾತ್ರೆಯಲ್ಲಿ 400 ಮಿ.ಗ್ರಾಂ. ಐಬುಪ್ರೊಫೇನ್, 325 ಮಿ.ಗ್ರಾಂ. ಪ್ಯಾರಾಸಿಟಮಾಲ್ ಇವೆ. ವೊವೆರಾನ್ ಎಂದರೆ ಡೈಕ್ಲೊಫೆನಾಕ್. ಒಂದರ ಮೇಲೊಂದು ನುಂಗಿದರೆ ಒಂದೇ ಜಾತಿಯ ಔಷಧಿ ಇಮ್ಮಡಿಯಾಗುತ್ತದೆ. ಗುಣ ಹೆಚ್ಚುವುದಿಲ್ಲ, ಹಾನಿ ಹೆಚ್ಚುತ್ತದೆ.

ಹೊಟ್ಟೆಹುಣ್ಣು, ಅಸ್ತಮಾ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಬಿ.ಪಿ. ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಉಳಿದವರೂ ಊಟದ ನಂತರ, ತುಂಬು ಲೋಟ ನೀರಿನೊಂದಿಗೆ, ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ತೆಗೆದುಕೊಳ್ಳಬೇಕು. ಮಲ ಕಪ್ಪಾದರೆ, ಮೂತ್ರ ಕಡಿಮೆಯಾದರೆ, ಕಾಲು ಊದಿದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಎದೆನೋವು, ಏದುಸಿರು ಬಂದರಂತೂ ನೇರ ಆಸ್ಪತ್ರೆಗೇ.

‘ಮುಹೂರ್ತ ಯಾರಿಗೂ ಕಾಯುವುದಿಲ್ಲ, ಜನ ಸಿಗುವುದಿಲ್ಲ’ ಎಂದು ಕೆಲವು ಸದಸ್ಯರು ಹೇಳುತ್ತಾರೆ. ಮಾತು ನಿಜ. ಆದರೆ ಮಾತ್ರೆ ಆಯಾಸವನ್ನು ಕಳೆಯುವುದಿಲ್ಲ, ನೋವನ್ನು ಮರೆಸುತ್ತದೆ ಅಷ್ಟೇ. ನೊಂದ ಸೊಂಟದ ಮೇಲೆ ಮತ್ತೆ ಕೊಪ್ಪರಿಗೆ ಎತ್ತಿಸಿದರೆ ನಾಳೆ ಆ ಕೈಯೂ ನಮಗಿರುವುದಿಲ್ಲ. ಪಾರ್ಟಿಗೆ ಎಸ್ಟಿಮೇಟ್ ಕೊಡುವಾಗಲೇ ಒಬ್ಬ ಹೆಚ್ಚಿನ ಸಹಾಯಕನ ಸಂಬಳ ಸೇರಿಸೋಣ. ಕೊಪ್ಪರಿಗೆಯನ್ನು ಇಬ್ಬರು ಎತ್ತಲಿ. ಬಡಿಸುವ ಮೊದಲು ಅಡುಗೆಯವರ ಊಟವಾಗಲಿ. ಒಲೆಯ ಪಕ್ಕ ಕುಡಿಯುವ ನೀರಿರಲಿ, ಕೂರಲು ನಾಲ್ಕು ಸ್ಟೂಲ್ ಇರಲಿ.

ಅತಿಥಿಗಳ ಎಲೆಗೆ ಏನು ಬೀಳುತ್ತದೆಂದು ನಾವು ಕಣ್ಣಿಟ್ಟು ನೋಡುತ್ತೇವೆ. ಬಡಿಸುವವರ ಹೊಟ್ಟೆಗೆ ಏನು ಬೀಳುತ್ತಿದೆ ಎಂಬುದನ್ನೂ ನೋಡುವುದು ಮಾಲೀಕರಾದ ನಮ್ಮ ಕರ್ತವ್ಯ.