ವಿದೌಟ್ ಕಾಫಿ, ಜೊತೆಗೆ ನಾಲ್ಕು ಬಿಸ್ಕತ್ತು

ಕಳೆದ ತಿಂಗಳು ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 5.9 ಬಂತು. 5.7ರಿಂದ 6.4ರ ನಡುವೆ ಇದ್ದರೆ ಪ್ರಿಡಯಾಬಿಟಿಸ್. ನನಗಿನ್ನೂ 29. ಅಪ್ಪನಿಗೆ ಶುಗರ್ ಬಂದಿದ್ದು 45ಕ್ಕೆ. ಎರಡು ದಿನ ರಿಪೋರ್ಟನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

‘ನಾನು ಸ್ವೀಟೇ ತಿನ್ನಲ್ವಲ್ಲ’ ಅನ್ನೋದು ನನ್ನ ವಾದ. ಸುಳ್ಳೇನಲ್ಲ. ಮೈಸೂರ್ ಪಾಕ್ ಕಂಡರೆ ಅಷ್ಟಕ್ಕಷ್ಟೆ, ದರ್ಶಿನಿಯಲ್ಲಿ ಕಾಫಿ ಕೇಳೋದೂ ‘ವಿದೌಟ್’ ಅಂತಲೇ. ಆದ್ರೆ ಒಂದು ಸಂಜೆ ಕೂತು ಲೆಕ್ಕ ಹಾಕಿದೆ ನೋಡಿ. ಆಫೀಸ್ ಮೆಷಿನ್ ಟೀ ದಿನಕ್ಕೆ ಮೂರು ಕಪ್. ಆ ಪುಡಿಯಲ್ಲಿ ಸಕ್ಕರೆ ಮೊದಲೇ ಬೆರೆತಿರುತ್ತೆ, ಬೇಡ ಅನ್ನೋಕೆ ಬಟನ್ನೇ ಇಲ್ಲ. ಪ್ರತಿ ಕಪ್‌ಗೂ ಬಿಸ್ಕತ್ತು. ಊಟ ಆದ್ಮೇಲೆ ಮೋಸಂಬಿ ಜ್ಯೂಸ್. ನಾವು ಬಾಯಿಬಿಟ್ಟು ಬೇಡ ಅನ್ನದಿದ್ದರೆ ಅಂಗಡಿಯವರು ಸಕ್ಕರೆ ಹಾಕಿಯೇ ಕೊಡೋದು. ರಾತ್ರಿ ನೂಡಲ್ಸ್ ಮೇಲೆ ಕೆಚಪ್. ನಾನು ಬೇಡ ಅಂದಿದ್ದು ಕಣ್ಣಿಗೆ ಕಾಣೋ ಸಕ್ಕರೆಯನ್ನ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ ಪ್ರಕಾರ ಇಂಥ ಸಕ್ಕರೆ ದಿನದ ಕ್ಯಾಲೊರಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೇದು. 2000 ಕ್ಯಾಲೊರಿ ಲೆಕ್ಕದಲ್ಲಿ ಶೇ 5 ಅಂದ್ರೆ 25 ಗ್ರಾಂ, ಹೆಚ್ಚುಕಮ್ಮಿ ಆರು ಟೀ ಚಮಚ. ಎರಡೆರಡು ಚಮಚ ಹಾಕಿದ ಮೂರು ಕಪ್ ಟೀಗೇ ಅದು ಖರ್ಚಾಯ್ತು.

‘ಬೆಲ್ಲ ಹಾಕ್ಕೊಳ್ಳೇ, ಏನೂ ಆಗಲ್ಲ’ ಅಂದಳು ಗೆಳತಿ. ನನಗೂ ಹಾಗೇ ಇದ್ದಿದ್ರೆ ಚೆನ್ನಾಗಿತ್ತು! ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ. ಜೇನುತುಪ್ಪವೂ ಅದೇ 25 ಗ್ರಾಂ ಲೆಕ್ಕಕ್ಕೆ ಸೇರುತ್ತೆ. ಇಡೀ ಹಣ್ಣು ಸೇರಲ್ಲ, ಹಿಂಡಿ ಜ್ಯೂಸ್ ಮಾಡಿದ್ರೆ ಸೇರುತ್ತೆ.

ಈಗ ಟೀ ಬ್ಯಾಗ್ ಡ್ರಾಯರ್‌ನಲ್ಲಿ ಇಟ್ಕೊಂಡಿದ್ದೀನಿ. ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ‘ಆಡೆಡ್ ಶುಗರ್ಸ್’ ಅನ್ನೋ ಸಾಲು ಹುಡುಕಿ, ಅಲ್ಲಿರೋ ಗ್ರಾಂ ಅನ್ನು ನಾಲ್ಕರಿಂದ ಭಾಗಿಸ್ತೀನಿ. ಎಷ್ಟು ಚಮಚ ಅಂತ ಗೊತ್ತಾಗುತ್ತೆ. ಆದ್ರೆ ಆ ಅಂಕಿ 100 ಗ್ರಾಂಗೋ ಇಡೀ ಪ್ಯಾಕೆಟ್‌ಗೋ ಅಂತ ನೋಡ್ಕೊಳ್ಳಿ, ನಾನು ಮೊದಲ ವಾರ ಎಡವಿದ್ದೇ ಅಲ್ಲಿ. ಒಂದೇ ಸಲ ಪೂರ್ತಿ ಬಿಡೋಕೆ ಹೋಗಿ ಮೂರನೇ ದಿನಕ್ಕೆ ಅರ್ಧ ಕೇಕ್ ತಿಂದಿದ್ದೂ ಆಯ್ತು. ಆಮೇಲೆ ವಾರಕ್ಕೆ ಅರ್ಧ ಚಮಚದಂತೆ ಇಳಿಸಿದೆ, ಅದು ನಡೀತಿದೆ.

ಕಷ್ಟ ಆಗಿದ್ದು ಅಮ್ಮನಿಗೆ ಹೇಳೋದು. ‘ಸಕ್ಕರೆ ಇಲ್ದಿರೋ ಟೀನಾ? ಯಾಕೆ, ಹುಷಾರಿಲ್ವೇನೇ?’ ಅಂದ್ರು. ರಿಪೋರ್ಟ್ ತೋರಿಸಿದೆ. ಸುಮ್ಮನೆ ಓದಿ ಮಡಚಿಟ್ಟರು. ಮರುದಿನ ನನ್ನ ಲೋಟಕ್ಕೆ ಅರ್ಧ ಚಮಚ, ತಮ್ಮ ಲೋಟಕ್ಕೂ ಅರ್ಧವೇ. ಅಪ್ಪ ಕದ್ದು ತಿನ್ನುತ್ತಿದ್ದ ಕ್ರೀಮ್ ಬಿಸ್ಕತ್ತಿನ ಡಬ್ಬಿ ಎಲ್ಲಿ ಹೋಯ್ತು ಅಂತ ಅವರಿಗಿನ್ನೂ ಗೊತ್ತಾಗಿಲ್ಲ.